ಪಕ್ಕದ ಮನೆಯ ಹೆಪ್ಪು

(ಕಾಂಬೋಡಿಯಾದ ಸಿಯಾಮ್ ರೀಪ್ ಊರಿನ ಒಂದು ಸಣ್ಣ ವಸತಿಗೃಹ. ರಾತ್ರಿ ಎಂಟು ಗಂಟೆ. ಬೆಳಗಿನ ಜಾವ ನಾಲ್ಕೂವರೆಗೆ ಹೊರಟಿದ್ದ ತಾಯಿ ಮಗಳು ಈಗಷ್ಟೇ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದಾರೆ. ತಾಯಿ ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ.)

ಮಗಳು: ಏಳು ಜಾಗ ಅಂತ ಪಟ್ಟಿ ಮಾಡಿದ್ದೆ ಅಮ್ಮ. ನೋಡಿದ್ದು ಮೂರು. ಅಂಕೋರ್ ವಾಟ್, ಬಯೋನ್, ತಾ ಪ್ರೋಮ್. ಇಷ್ಟು ದೂರ ಬಂದು ಇಡೀ ದಿನ ಮೂರಕ್ಕೇ ಹೋಯಿತಲ್ಲ ಅನ್ನಿಸ್ತಿದೆ.

ಅಮ್ಮ: ನನ್ನಿಂದಲೇ ತಡವಾದದ್ದು. ಆ ಕೆತ್ತನೆಯ ಗೋಡೆ ಮುಂದೆ ಎಷ್ಟು ಹೊತ್ತು ನಿಂತಿದ್ದೆ ನಾನು?

ಮಗಳು: ಒಂದೂಕಾಲು ಗಂಟೆ.

ಅಮ್ಮ: ಅಷ್ಟೊಂದಾ! ಪ್ರತಿ ವರ್ಷ ಮಕ್ಕಳನ್ನ ಪ್ರವಾಸಕ್ಕೆ ಅಂತ ಕರ್ಕೊಂಡು ಹೋಗ್ತಿದ್ದೆ, ನಿನಗೇ ಗೊತ್ತಲ್ಲ. ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಬುತ್ತಿ ಬಿಚ್ಚಿ ಊಟ, ಆಮೇಲೆ ಹಳೇಬೀಡು. ಒಂದು ಸಲ ಹಳೇಬೀಡಿನಲ್ಲಿ ಒಬ್ಬ ಹುಡುಗ ತಳದ ಸಾಲಿನ ಆನೆಗಳನ್ನ ಒಂದೊಂದಾಗಿ ನೋಡ್ತಾ ಹಿಂದೆ ಉಳಿದುಬಿಟ್ಟ. "ಒಂದರ ಥರ ಇನ್ನೊಂದಿಲ್ಲ ಮಿಸ್" ಅಂದ. ಹೊತ್ತಾಯಿತು ಅಂತ ಅವನ ಕೈ ಹಿಡಿದು ಎಳ್ಕೊಂಡು ಹೋಗಿ ಬಸ್ಸು ಹತ್ತಿಸಿದೆ. ಇವತ್ತು ಆ ಗೋಡೆ ಮುಂದೆ ನಿಂತಾಗೆಲ್ಲ ಅವನೇ ನೆನಪಾಗ್ತಿದ್ದ. ಅವತ್ತು ಸರಿಯಾಗಿ ನೋಡ್ತಿದ್ದವನು ಅವನೊಬ್ಬನೇ ಕಣೆ.

ಮಗಳು: ಹಾಗಾದರೆ ನಾನು ಪಟ್ಟಿಯ ವಿಚಾರ ಎತ್ತೋದಿಲ್ಲ. ಆದರೆ ಬೇರೆ ಒಂದು ಮಾತು ಬೆಳಗಿನಿಂದ ನನ್ನನ್ನ ಕೊರೀತಿದೆ. ಹೇಳಲಾ?

ಅಮ್ಮ: ಹೇಳು. ಬೆಳಿಗ್ಗೆ ಆ ದೊಡ್ಡ ಮೂರ್ತಿಯ ಹತ್ತಿರ ನಿನ್ನ ಮುಖ ಸಣ್ಣಗಾದದ್ದು ನಾನೂ ಕಂಡೆ.

ಮಗಳು: ಅದೇ. ಅಂಕೋರ್ ವಾಟ್‌ನ ಪಶ್ಚಿಮದ ಗೋಪುರದೊಳಗೆ ಎಂಟು ಕೈಯ ವಿಷ್ಣು ಇದ್ದನಲ್ಲ, ಅವನನ್ನ ನೋಡಿದ ಕೂಡಲೇ ನೀನು ಗೈಡ್ ಹುಡುಗನಿಗೆ "ಇದು ನಮ್ಮ ದೇವರು, ಇದೆಲ್ಲ ನಮ್ಮದೇ" ಅಂದುಬಿಟ್ಟೆ. ಅದನ್ನ ನಾನು ಇಂಗ್ಲಿಷಿನಲ್ಲಿ ಅವನಿಗೆ ಹೇಳಬೇಕಾಗಿತ್ತು. ಹೇಳೋಕೆ ಬಾಯಿ ಬರಲಿಲ್ಲ.

ಅಮ್ಮ: ಅದರಲ್ಲಿ ತಪ್ಪೇನಿತ್ತು? ಎಲ್ಲೋ ಕಾಣದ ಊರಿಗೆ ಬಂದಿದ್ದೆ. ಕತ್ತಲಲ್ಲಿ ಕಂದಕದ ಮೇಲಿನ ಕಲ್ಲುಹಾದಿ ದಾಟಿದೆವು. ಎರಡೂ ಕಡೆ ನೀರಿದೆ ಅಂತ ತಣ್ಣನೆ ಗಾಳಿಯಿಂದ ಗೊತ್ತಾಗ್ತಿತ್ತೇ ಹೊರತು ಕಣ್ಣಿಗೆ ಕಾಣ್ತಿರಲಿಲ್ಲ. ಅದೆಷ್ಟು ಅಗಲ ಅಂದೆ?

ಮಗಳು: 190 ಮೀಟರ್. ಸುತ್ತಳತೆ ಐದು ಕಿಲೋಮೀಟರಿಗೂ ಹೆಚ್ಚು.

ಅಮ್ಮ: ಅಷ್ಟು ನೀರು ದಾಟಿ ಬಾಗಿಲಿಗೆ ಬಂದರೆ ಎದುರಿಗೆ ನಾನು ದಿನಾ ಹೆಸರು ಹೇಳಿ ಎದ್ದೇಳೋ ದೇವರು. ಸಂತೆಯಲ್ಲಿ ಕಳೆದುಹೋದ ಮಗುವಿಗೆ ತನ್ನ ಮನೆಯವರು ಕಂಡ ಹಾಗಾಯಿತು. "ನಮ್ಮದು" ಅಂತ ಬಾಯಿಗೆ ಬಂತು.

ಮಗಳು: ಕಂಡ ಸಂತೋಷ ಬೇರೆ ಅಮ್ಮ, ನಮ್ಮದು ಅನ್ನೋದು ಬೇರೆ. ಇದನ್ನ ಕಟ್ಟಿಸಿದವನು ಇಲ್ಲಿನ ರಾಜ, ಎರಡನೇ ಸೂರ್ಯವರ್ಮ. ಪಟ್ಟಕ್ಕೆ ಬಂದದ್ದು 1113ರಲ್ಲಿ. ಕಟ್ಟಿದವರು ಖ್ಮೇರ್ ಜನ. ಕುಲೆನ್ ಬೆಟ್ಟದ ತಪ್ಪಲಿನಲ್ಲಿ ಮರಳುಗಲ್ಲು ಕಡಿದು, ಕಾಲುವೆಗಳಲ್ಲಿ ಸಾಗಿಸಿ ತಂದರು. ಒಳಗೆ ಜಂಬಿಟ್ಟಿಗೆ, ಹೊರಗೆ ಮರಳುಗಲ್ಲು. ನಡುಗೋಪುರದ ಎತ್ತರ 65 ಮೀಟರ್. ನಮ್ಮ ಕಡೆಯ ಯಾವ ರಾಜನೂ ದಂಡೆತ್ತಿ ಬಂದು ಇದನ್ನ ಕಟ್ಟಿಸಲಿಲ್ಲ.

ಅಮ್ಮ: 1113 ಅಂದೆಯಾ? ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117. ಮಕ್ಕಳ ಬಾಯಲ್ಲಿ ಎಷ್ಟು ಸಲ ಹೇಳಿಸಿದ್ದೀನಿ! ಅಂದರೆ ನಮ್ಮ ವಿಷ್ಣುವರ್ಧನ, ಈ ಸೂರ್ಯವರ್ಮ ಇಬ್ಬರೂ ಒಂದೇ ಕಾಲದವರು. ಅಲ್ಲಿ ನಮ್ಮವರು ವಿಷ್ಣುವಿಗೆ ಬಳಪದ ಕಲ್ಲು ಕೆತ್ತುತ್ತಿದ್ದಾಗ ಇಲ್ಲಿ ಇವರು ವಿಷ್ಣುವಿಗೇ ಮರಳುಗಲ್ಲು ಸಾಗಿಸ್ತಿದ್ದರು.

ಮಗಳು: ಒಬ್ಬರ ಸುದ್ದಿ ಒಬ್ಬರಿಗೆ ಇಲ್ಲದೆ.

ಅಮ್ಮ: ಅದೇ ನನಗೆ ಆಶ್ಚರ್ಯ. ಆದರೂ ನೀನು ಹೇಳಿದ್ದು ಒಪ್ಪುತ್ತೀನಿ. ಬೆಳಕಾದ ಮೇಲೆ ಆ ಮೂರ್ತಿಯ ಹತ್ತಿರ ಒಬ್ಬ ಅಜ್ಜಿ ಬಂದಳಲ್ಲ, ಅವಳನ್ನ ನೋಡಿದ ಮೇಲೆ ನನ್ನ ಮಾತು ನನಗೇ ಹಗುರ ಅನ್ನಿಸಿತು.

ಮಗಳು: ತಾವರೆ ಮೊಗ್ಗು ಹಿಡ್ಕೊಂಡು ಬಂದಿದ್ದವಳು.

ಅಮ್ಮ: ಹ್ಞೂಂ. ಮೂರ್ತಿಗೆ ಕಾವಿ ಬಣ್ಣದ ಬಟ್ಟೆ ಹೊದಿಸಿದ್ದರು. ನಮ್ಮಲ್ಲಿ ವಿಷ್ಣುವಿಗೆ ಪೀತಾಂಬರ ಉಡಿಸ್ತೀವಿ, ಕಾವಿ ಕಂಡದ್ದಿಲ್ಲ. ಮುಂದೆ ಊದುಬತ್ತಿಯ ಹೊಗೆ. ನಾನು ಕೈಮುಗಿದು ನಿಂತದ್ದು ನೋಡಿ ಅವಳು ಸರಿದು ಜಾಗ ಬಿಟ್ಟಳು. ತನ್ನ ಕೈಯಲ್ಲಿದ್ದ ಊದುಬತ್ತಿಯಲ್ಲಿ ಒಂದನ್ನ ನನಗೆ ಕೊಟ್ಟಳು. ಅವಳು ಏನೋ ಹೆಸರು ಹೇಳಿ ಬೇಡ್ಕೊಳ್ತಿದ್ದಳು.

ಮಗಳು: ತಾ ರಿಯಚ್. ತಾ ಅಂದರೆ ಅಜ್ಜ, ರಿಯಚ್ ಅಂದರೆ ರಾಜ. ಇಲ್ಲಿನವರಿಗೆ ಅವನು ಈ ಜಾಗ ಕಾಯೋ ಹಿರಿಯ, ಊರ ದೇವರು. ಕಾಲಕ್ರಮದಲ್ಲಿ ಅಂಕೋರ್ ವಾಟ್ ಬೌದ್ಧರ ಜಾಗವಾಯಿತು. ವಿಷ್ಣು ಅನ್ನೋ ಹೆಸರು ಹಿಂದೆ ಸರಿಯಿತು, ಪೂಜೆ ಮಾತ್ರ ನಿಲ್ಲಲಿಲ್ಲ.

ಅಮ್ಮ: ನಾನು ಸಾವಿರಾರು ಮೈಲಿಯಾಚೆಯಿಂದ ಬಂದು ನಮ್ಮದು ಅಂದೆ. ಅವಳ ಅಜ್ಜಿ, ಮುತ್ತಜ್ಜಿ ಎಲ್ಲ ಇದೇ ಕಲ್ಲಿನ ಮುಂದೆ ಕೂತೆದ್ದವರು. ಅವಳು ನನ್ನನ್ನ "ನೀನ್ಯಾರು" ಅಂತ ಕೇಳಲಿಲ್ಲ. ಜಾಗ ಬಿಟ್ಟಳು. ಮನೆಯ ಯಜಮಾನಿ ಮಾಡೋ ಕೆಲಸ ಅದು. ಹಾಗಾದರೆ ನಾನು ಯಾರು? ನೆಂಟಳು.

ಮಗಳು: ಅದು ಆಗಲೇ ಹೊಳೆದಿದ್ದರೆ, ಗೋಡೆಯ ಹತ್ತಿರ ಮತ್ತೆ ಯಾಕಮ್ಮ "ತಪ್ಪು ಕೆತ್ತಿದ್ದಾರೆ" ಅಂದೆ?

ಅಮ್ಮ: ಗೊತ್ತಾದದ್ದು ಮನಸ್ಸಿಗೆ ಇಳಿಯೋಕೆ ಹೊತ್ತು ಬೇಕಲ್ಲ! ಆ ಒಳಸುತ್ತಿನಲ್ಲಿ ಗರ್ಭಗುಡಿಯನ್ನ ಎಡಕ್ಕೆ ಇಟ್ಟುಕೊಂಡು ನಡೀಬೇಕು ಅಂದಾಗಲೇ ನನ್ನ ಕಾಲು ಒಪ್ಪಲಿಲ್ಲ. ಜೀವಮಾನವೆಲ್ಲ ಬಲಕ್ಕೆ ಸುತ್ತಿದ ಕಾಲು.

ಮಗಳು: ಅಲ್ಲಿನ ಶಿಲ್ಪಗಳ ಓಟವೇ ಅಪ್ರದಕ್ಷಿಣ. ಬಾಗಿಲೂ ಪಶ್ಚಿಮಕ್ಕೆ. ರಾಜನ ಉತ್ತರಕ್ರಿಯೆಗೆ ಸಂಬಂಧಪಟ್ಟ ದೇಗುಲ, ಅದಕ್ಕೇ ಹೀಗೆ ಅನ್ನೋ ವಿದ್ವಾಂಸರಿದ್ದಾರೆ. ಪಶ್ಚಿಮ ವಿಷ್ಣುವಿನ ದಿಕ್ಕು ಅನ್ನೋರೂ ಇದ್ದಾರೆ.

ಅಮ್ಮ: ಹಾಗೆ ಸುತ್ತಿ ಬಂದು ಪೂರ್ವದ ಗೋಡೆಗೆ ತಿರುಗಿದರೆ ಸಮುದ್ರಮಥನ. ಎಷ್ಟು ಉದ್ದ ಇತ್ತೇ ಅದು!

ಮಗಳು: 49 ಮೀಟರ್. ಹಾವಿನ ತಲೆಯ ಕಡೆ 92 ಅಸುರರು, ಬಾಲದ ಕಡೆ 88 ದೇವತೆಗಳು ಅಂತ ಎಣಿಸಿದ್ದಾರೆ.

ಅಮ್ಮ: ನಮ್ಮ ಹೊಯ್ಸಳರ ಕೆತ್ತನೆ ಕಲ್ಲಿನಿಂದ ಹೊರಗೆ ಚಾಚಿಕೊಂಡು ಬರುತ್ತೆ. ಮದನಿಕೆಯ ಬಳೆಯನ್ನ ಬೆರಳಲ್ಲಿ ತಿರುಗಿಸಬಹುದು ಅನ್ನಿಸೋ ಹಾಗೆ. ಇಲ್ಲಿ ಹಾಗಲ್ಲ. ತೆಳುವಾಗಿ, ರಂಗೋಲಿ ಎಳೆ ಎಳೆದ ಹಾಗೆ ಕಲ್ಲಿನ ಮೈಮೇಲೇ ಉಳಿಯುತ್ತೆ. ಮೊದಲು ಏನೂ ಇಲ್ಲ ಅನ್ನಿಸಿತು. ಬಿಸಿಲು ಕಂಬಗಳ ಸಂದಿಯಿಂದ ಓರೆಯಾಗಿ ಬಿದ್ದ ಮೇಲೆ ಒಬ್ಬೊಬ್ಬರ ತೋಳೂ ಎದ್ದು ಬಂತು. ಅಸುರರ ಕಣ್ಣು ಅಗಲ, ದೇವತೆಗಳ ಮುಖ ಶಾಂತ. ಎಲ್ಲರೂ ಒಂದೇ ಲಯದಲ್ಲಿ ಹಿಂದಕ್ಕೆ ವಾಲಿದ್ದಾರೆ. ನಡುವೆ ವಿಷ್ಣು, ಕೆಳಗೆ ಆಮೆ. ಕಡೆಯೋ ರಭಸಕ್ಕೆ ಬೆಟ್ಟದ ಬುಡದ ಮೀನು, ಮೊಸಳೆ ತುಂಡು ತುಂಡಾಗಿವೆ. ಮೇಲೆ ನೊರೆಯಿಂದ ಎದ್ದ ಅಪ್ಸರೆಯರು.

ಮಗಳು: ಅಲ್ಲಿವರೆಗೆ ಎಲ್ಲ ನಿನ್ನ ಲೆಕ್ಕದಲ್ಲಿ ಸರಿಯಿತ್ತು.

ಅಮ್ಮ: ಬಾಲದ ಕೊನೆಗೆ ಬಂದೆ ನೋಡು, ಅಲ್ಲೊಂದು ದೊಡ್ಡ ಕಪಿ! ಹಾವಿನ ಬಾಲ ಹಿಡಿದು ನಿಂತಿದೆ. ಸಮುದ್ರಮಥನದಲ್ಲಿ ಕಪಿಗೇನು ಕೆಲಸ? ನಾನು ಕೇಳಿದ, ಹೇಳಿದ ಕಥೆಯಲ್ಲಿ ಇಲ್ಲವೇ ಇಲ್ಲ. ತಪ್ಪು ಅಂದೆ. ಅಂದವಳು ಅಲ್ಲೇ ನಿಂತೆ. ಇಷ್ಟು ಉದ್ದದ ಗೋಡೆಯಲ್ಲಿ ಒಂದು ಬೆರಳನ್ನೂ ತಪ್ಪಾಗಿ ಕೆತ್ತದವನು ಕಪಿಯನ್ನ ಮರೆತು ಕೆತ್ತಿದನೇ? ಬೇಕು ಅಂತಲೇ ನಿಲ್ಲಿಸಿದ್ದಾನೆ. ಅವರ ಕಥೆಯಲ್ಲಿ ಅದಕ್ಕೆ ಜಾಗ ಇದೆ. ಅಲ್ಲಿಂದ ಮತ್ತೆ ಹಿಂದಕ್ಕೆ, ಮೊದಲ ಅಸುರನಿಂದ ನೋಡ್ಕೊಂಡು ಬಂದೆ. ಮೊದಲನೇ ಸಲ ನೋಡಿದ್ದು ನನಗೆ ಗೊತ್ತಿದ್ದ ಕಥೆಯನ್ನ. ಎರಡನೇ ಸಲ ಗೋಡೆಯನ್ನ ನೋಡಿದೆ.

ಮಗಳು: ಹನುಮಂತನ ವಿಚಾರ ಬಂದಾಗ ಗೈಡ್ ಇನ್ನೊಂದು ಹೇಳಿದನಲ್ಲ. ಅವರ ರಾಮಾಯಣದ ಹೆಸರು ರಿಯಾಮ್‌ಕೇರ್. ಅದರಲ್ಲಿ ಸೇತುವೆ ಕಟ್ಟುವಾಗ ಸುವಣ್ಣಮಚ್ಛಾ ಅನ್ನೋ ಮತ್ಸ್ಯಕನ್ಯೆ ಕಲ್ಲುಗಳನ್ನ ಕದೀತಾಳೆ. ಹನುಮಂತ ಅವಳನ್ನ ತಡೆಯೋಕೆ ಹೋಗ್ತಾನೆ, ಇಬ್ಬರಿಗೂ ಪ್ರೀತಿ ಹುಟ್ಟುತ್ತೆ.

ಅಮ್ಮ: ಶನಿವಾರ ಶನಿವಾರ ಆಂಜನೇಯನ ಗುಡಿಗೆ ಹೋಗೋಳು ನಾನು. ಕೇಳಿ ಒಂದು ಗಳಿಗೆ ಎದೆ ಝಲ್ಲೆಂದಿತು. ಆಮೇಲೆ ಯೋಚಿಸಿದೆ. ನಮ್ಮ ಕನ್ನಡದಲ್ಲೇ ನಾಗಚಂದ್ರ ಜೈನ ರಾಮಾಯಣ ಬರೆದಿಲ್ಲವೇ? ಅದರಲ್ಲಿ ರಾವಣನನ್ನ ಕೊಲ್ಲೋದು ರಾಮನಲ್ಲ, ಲಕ್ಷ್ಮಣ. ಅದನ್ನ ನಾವು ತಪ್ಪು ಅಂತ ಎಸೆದೆವಾ? ಕನ್ನಡದ ದೊಡ್ಡ ಕಾವ್ಯ ಅಂತ ಕಾಪಾಡಿಕೊಂಡು ಬಂದಿದ್ದೀವಿ. ನಮ್ಮ ಮನೆಯಲ್ಲೇ ಕಥೆ ಇಷ್ಟು ಬಗೆಯಾಗಿರುವಾಗ ಇವರ ಮನೆಯಲ್ಲಿ ಬೇರೆಯಾದರೆ ತಪ್ಪು ಅನ್ನೋಕೆ ನಾನ್ಯಾರು?

ಮಗಳು: ಹಾಗಾದರೆ ನಮಗೂ ಇದಕ್ಕೂ ಏನೂ ಸಂಬಂಧವಿಲ್ಲ ಅಂತ ಬಿಟ್ಟುಬಿಡೋಣ. ಅದೇ ಪ್ರಾಮಾಣಿಕ ಅನ್ನಿಸುತ್ತೆ ನನಗೆ.

ಅಮ್ಮ: ಅದೂ ಸುಳ್ಳೇ ಕಣೆ. ಆ ಗೈಡ್ ಹುಡುಗನಿಗೆ ನಾನು ಟೀಚರ್ ಆಗಿದ್ದೆ ಅಂತ ನೀನು ಹೇಳಿದ ಮೇಲೆ ಅವನು ನನ್ನನ್ನ ಏನಂತ ಕರೆದ?

ಮಗಳು: ನೆಯಕ್ ಕ್ರು. ಕ್ರು ಅಂದರೆ ಗುರು.

ಅಮ್ಮ: ಪ್ರಾಸಾದಕ್ಕೆ ಪ್ರಾಸಾತ್ ಅಂತಾರೆ. ಅಂಕೋರ್ ಅನ್ನೋದೇ ನಗರ ಅನ್ನೋ ಮಾತಿನಿಂದ ಬಂದದ್ದು ಅಂದ. ಆಮೇಲೆ ನೆರಳಲ್ಲಿ ಕೂತಾಗ ಅವನ ಶಾಲೆಯ ಅಕ್ಷರಮಾಲೆ ಹೇಳಿ ತೋರಿಸಿದನಲ್ಲ, ಕ, ಖ, ಕೊ, ಖೊ, ಙೊ. ನನ್ನ ಮೈ ಜುಮ್ಮೆಂದಿತು. ಮೂವತ್ತು ವರ್ಷ ಜೂನ್ ತಿಂಗಳು ಬಂದರೆ ನಾನು ಹೇಳಿಕೊಟ್ಟದ್ದು ಅದೇ ಸಾಲು, ಅದೇ ಕ್ರಮ, ಅದೇ ವರ್ಗಗಳು. ಗ, ಘ ಇರೋ ಕಡೆ ಅವರ ಬಾಯಲ್ಲಿ ಬೇರೆ ಸ್ವರ ಹೊರಡುತ್ತೆ, ಅಷ್ಟೇ.

ಮಗಳು: ಅವರ ಲಿಪಿ ಪಲ್ಲವ ಲಿಪಿಯಿಂದ ಬೆಳೆದದ್ದು, ನಮ್ಮದು ಕದಂಬ ಲಿಪಿಯಿಂದ. ಎರಡರ ಬೇರೂ ಬ್ರಾಹ್ಮಿ.

ಅಮ್ಮ: ನೋಡಿದೆಯಾ? ಏನೂ ಸಂಬಂಧವಿಲ್ಲ ಅಂದರೆ ಆ ಅಕ್ಷರಮಾಲೆಗೆ ಏನು ಹೇಳ್ತೀಯೆ? ಆ ಗೋಡೆ ಮುಂದೆ ನಿಂತಾಗ ನನಗೆ ನಮ್ಮ ಅಜ್ಜಿಯ ಜೊತೆ ಮಜ್ಜಿಗೆ ಕಡೆದದ್ದು ನೆನಪಾಯಿತು. ಕಂಬಕ್ಕೆ ಕಡಗೋಲು ಸಿಕ್ಕಿಸಿ ಹಗ್ಗದ ಒಂದು ತುದಿ ಅವಳು, ಒಂದು ತುದಿ ನಾನು. ಎಳೆಯೋದು, ಬಿಡೋದು. ಅಜ್ಜಿ ಹೆಪ್ಪಿಗೆ ಮಜ್ಜಿಗೆ ತಪ್ಪಿದಾಗೆಲ್ಲ ಪಕ್ಕದ ಮನೆಗೆ ಬಟ್ಟಲು ಕೊಟ್ಟು ಕಳಿಸ್ತಿದ್ದಳು. ಒಂದು ಚಮಚ ಹೆಪ್ಪು ತಂದು ಹಾಲಿಗೆ ಹಾಕಿದರೆ ಬೆಳಗಾಗೋಷ್ಟರಲ್ಲಿ ಗಟ್ಟಿ ಮೊಸರು. ಆ ಮೊಸರು ಯಾರದು? ಪಕ್ಕದ ಮನೆಯವರು ಬಂದು "ಹೆಪ್ಪು ನಮ್ಮದು, ಮೊಸರೂ ನಮ್ಮದೇ" ಅಂದದ್ದು ಉಂಟಾ? ಹಸು ನಮ್ಮದು, ಮೇವು ಹಾಕಿದ್ದು ನಾವು, ಹಾಲು ಕಾಯಿಸಿ ಹದಕ್ಕೆ ಆರಿಸಿದ್ದು ನಾವು. ಹಾಗಂತ ಹೆಪ್ಪು ಕೊಟ್ಟ ಮನೆಯನ್ನ ಅಜ್ಜಿ ಮರೆಯಲೂ ಇಲ್ಲ.

ಮಗಳು: ಈ ಮಾತು ನನಗೆ ಒಪ್ಪಿಗೆ ಅಮ್ಮ. ಇಲ್ಲಿನ ರಾಜರು ಸಂಸ್ಕೃತ ಕಲಿತರು, ಶಾಸನ ಕೆತ್ತಿಸಿದರು, ಕಥೆ ತರಿಸಿಕೊಂಡರು. ಹಾಲು ಮಾತ್ರ ಇಲ್ಲಿನದೇ. ಅದು ಬಯೋನ್‌ನಲ್ಲಿ ನನಗೆ ಇನ್ನೂ ಚೆನ್ನಾಗಿ ಕಂಡಿತು.

ಅಮ್ಮ: ಆ ನಾಲ್ಕು ಮುಖಗಳ ಗೋಪುರಗಳಲ್ಲಾ?

ಮಗಳು: ಮುಖಗಳಿಗಿಂತ ಕೆಳಗಿನ ಗೋಡೆಯಲ್ಲಿ. ಮುಖಗಳು ನೂರಕ್ಕೂ ಹೆಚ್ಚಿವೆ. ಬೋಧಿಸತ್ವ ಲೋಕೇಶ್ವರನದೋ, ಕಟ್ಟಿಸಿದ ಏಳನೇ ಜಯವರ್ಮನದೇ ಮುಖವೋ ಅಂತ ಇವತ್ತಿಗೂ ಚರ್ಚೆ ಇದೆ. ಹೊರಸುತ್ತಿನ ಗೋಡೆಯಲ್ಲಿ ಪುರಾಣವೇ ಇಲ್ಲ. ಮೇಲೆ ನೆರೆರಾಜ್ಯದ ಚಾಮ್ ಜನರ ಜೊತೆಗಿನ ಯುದ್ಧ, ಕೆಳಗೆ ಊರಿನ ದಿನಚರಿ. ತಕ್ಕಡಿ ಹಿಡಿದ ವ್ಯಾಪಾರಿ ಹೆಂಗಸರು, ಕಡ್ಡಿಗೆ ಚುಚ್ಚಿ ಮೀನು ಸುಡೋರು, ಕೋಳಿ ಅಂಕ...

ಅಮ್ಮ: ಹೆರಿಗೆ! ನೋವು ತಿನ್ನೋ ಹೆಂಗಸನ್ನ ಹಿಂದಿನಿಂದ ಹಿಡಿದುಕೊಂಡ ಸೂಲಗಿತ್ತಿ. ರಾಜ ಕಟ್ಟಿಸಿದ ದೇವಾಲಯದಲ್ಲಿ ಅದಕ್ಕೂ ಒಂದು ಕಲ್ಲು ಕೊಟ್ಟಿದ್ದಾರೆ.

ಮಗಳು: 1296ರಲ್ಲಿ ಚೀನಾದ ರಾಯಭಾರಿ ತಂಡದ ಜೊತೆ ಝೌ ದಾಗ್ವಾನ್ ಅನ್ನೋನು ಇಲ್ಲಿಗೆ ಬಂದು ಸುಮಾರು ಒಂದು ವರ್ಷ ಇದ್ದ. ಈ ದೇಶದಲ್ಲಿ ವ್ಯಾಪಾರ ಮಾಡೋರು ಹೆಂಗಸರು, ಅಂಗಡಿ ಕಟ್ಟಡ ಇಲ್ಲ, ನೆಲಕ್ಕೆ ಚಾಪೆ ಹಾಸಿ ಮಾರ್ತಾರೆ, ಮಧ್ಯಾಹ್ನಕ್ಕೆ ಸಂತೆ ಮುಗಿಯುತ್ತೆ ಅಂತ ಬರೆದಿಟ್ಟ. ಇವತ್ತು ಹೊರಗೆ ನಿನಗೆ ತಾಳೆಬೆಲ್ಲ ಕೊಟ್ಟವಳೂ ಚಾಪೆಯ ಮೇಲೇ ಕೂತಿದ್ದಳು.

ಅಮ್ಮ: ಗರಿಯಲ್ಲಿ ಸುತ್ತಿದ ಬೆಲ್ಲ. ಚೀಲದಲ್ಲಿದೆ, ಊರಿಗೆ ಒಯ್ಯೋಕೆ ಇಟ್ಟಿದ್ದೀನಿ. ಹೌದು, ಆ ಗೋಡೆಯಲ್ಲಿ ನಮ್ಮದು ಅನ್ನೋಕೆ ಏನೂ ಇರಲಿಲ್ಲ, ಆದರೂ ಅರ್ಥವಾಗದ್ದೂ ಏನೂ ಇರಲಿಲ್ಲ.

ಮಗಳು: ಬೇಲೂರಿನ ಜೊತೆ ಹೋಲಿಸಿದರೆ ನನಗೆ ಒಂದೇ ಕೊರಗು. ಅಲ್ಲಿ ಶಿಲ್ಪಿಗಳು ಹೆಸರು ಕೆತ್ತಿಟ್ಟಿದ್ದಾರೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಇಲ್ಲಿ ಅಷ್ಟು ದೊಡ್ಡ ಗೋಡೆ ಕೆತ್ತಿದವನ ಹೆಸರು ಎಲ್ಲೂ ಕಾಣಲಿಲ್ಲ.

ಅಮ್ಮ: ಹೆಸರು ಬರೆದಿಟ್ಟವರ ಕೆಲಸವನ್ನ ಬೇರೆ ಯಾರಾದರೂ ತಮ್ಮದು ಅಂದರೆ ದಾಸೋಜನ ಹೆಸರು ತೋರಿಸಬಹುದು. ಹೆಸರು ಬರೆಯದವನ ಪರವಾಗಿ ಮಾತಾಡೋರು ಯಾರು? ನೋಡೋಕೆ ಬಂದ ನಾವೇ ಆಡಬೇಕು, ಇದು ಇಲ್ಲಿನವರ ಕೈ ಅಂತ.

ಮಗಳು: ಮೂರನೆಯದು ತಾ ಪ್ರೋಮ್. ಅಲ್ಲಿ ನೀನು ಮರ ನೋಡ್ತಾ ಮಾತೇ ಬಿಟ್ಟಿದ್ದೆ.

ಅಮ್ಮ: ಆ ಬೇರುಗಳು ಗೋಡೆಯ ಮೇಲಿಂದ ಇಳಿದು ಬಾಗಿಲನ್ನ ತಬ್ಬಿಕೊಂಡಿವೆ. ಕಲ್ಲನ್ನ ಒಡೆದದ್ದೂ ಅವೇ, ಈಗ ಬೀಳದ ಹಾಗೆ ಹಿಡಿದಿರೋದೂ ಅವೇ. ಅದು ಆ ಜಯವರ್ಮನೇ ತನ್ನ ತಾಯಿಗೆ ಕಟ್ಟಿಸಿದ್ದು ಅಂದೆಯಲ್ಲ?

ಮಗಳು: 1186ರಲ್ಲಿ. ತಾಯಿಯನ್ನ ಬೌದ್ಧರ ದೇವಿ ಪ್ರಜ್ಞಾಪಾರಮಿತೆಯ ರೂಪದಲ್ಲಿ ಪ್ರತಿಷ್ಠೆ ಮಾಡಿಸಿದ. ಅಲ್ಲಿ ಸಿಕ್ಕ ಸಂಸ್ಕೃತ ಶಾಸನದಲ್ಲಿ ರಾಜ್ಯದ 102 ಆಸ್ಪತ್ರೆಗಳ ಲೆಕ್ಕವೂ ಇದೆ.

ಅಮ್ಮ: ಆ ಬೇರಿನ ಕೆಳಗೆ ಕೂತಾಗಲೇ ಅಲ್ಲವೇ ಗೈಡ್ ತನ್ನ ಅಜ್ಜನ ವಿಷಯ ಹೇಳಿದ್ದು.

ಮಗಳು: ಹೌದು. ನಿನ್ನನ್ನ ಕ್ರು ಅಂತ ಕರೆದದ್ದಕ್ಕೇ ಅವನಿಗೆ ಅದು ನೆನಪಾಯಿತೇನೋ.

ಅಮ್ಮ: ಅವನ ಅಜ್ಜನೂ ಮೇಷ್ಟ್ರು. ಓದಿದವರನ್ನ ಹುಡುಕಿ ಹುಡುಕಿ ಒಯ್ದರಂತೆ. ಅಜ್ಜ ವಾಪಸ್ ಬರಲಿಲ್ಲ. ಅವನ ಅಮ್ಮನಿಗೆ ಆಗ ಆರು ವರ್ಷ. ಇಷ್ಟು ಹೇಳಿ ಅವನು ನೀರಿನ ಬಾಟಲಿ ತೆಗೆದು ಮೊದಲು ನನಗೆ ಕೊಟ್ಟ.

ಮಗಳು: ಖ್ಮೇರ್ ರೂಜ್ ಆಡಳಿತ. 1975ರ ಏಪ್ರಿಲ್‌ನಿಂದ 1979ರ ಜನವರಿವರೆಗೆ. ನಾಲ್ಕು ವರ್ಷ ತುಂಬೋದರೊಳಗೆ 15ರಿಂದ 20 ಲಕ್ಷ ಜನ ಸತ್ತರು. ಕೊಂದದ್ದಷ್ಟೇ ಅಲ್ಲ, ಹಸಿವು, ರೋಗ, ದುಡಿಮೆ. ಅಪ್ಸರೆಯರ ನೃತ್ಯ ಕಲಿಸುತ್ತಿದ್ದ ಗುರುಗಳಲ್ಲಿ ಬಹುಪಾಲು ಉಳಿಯಲಿಲ್ಲ. ಉಳಿದ ಕೆಲವರು ನೆನಪಿನಿಂದಲೇ ಒಂದೊಂದು ಹಸ್ತ, ಒಂದೊಂದು ಹೆಜ್ಜೆ ಮತ್ತೆ ಕಟ್ಟಿದರು.

ಅಮ್ಮ: ಬೆಳಿಗ್ಗೆ ನಾನು ಆಡಿದ ಮಾತಿಗೆ ಆಗ ಪೂರ್ತಿ ನಾಚಿಕೆಯಾಯಿತು ಕಣೆ. ಗೋಪುರ ಕಂಡಾಗ ನಮ್ಮದು ಅಂದೆ. ಇವನ ಅಜ್ಜ ಹೋದದ್ದು ಯಾರದು? ಆ ವರ್ಷಗಳಲ್ಲಿ ನಾನು ಟೀಚರ್ ಟ್ರೈನಿಂಗಿಗೆ ಹೋಗ್ತಿದ್ದೆ. ಇಲ್ಲಿ ನನ್ನಂಥ ಮೇಷ್ಟ್ರುಗಳು ಕನ್ನಡಕ ಬಚ್ಚಿಟ್ಟು, ಅಕ್ಷರ ಬರೋದಿಲ್ಲ ಅಂತ ಹೇಳಿಕೊಂಡು ಜೀವ ಉಳಿಸಿಕೊಂಡರಂತೆ. ನಾನು ಆಗ ಒಂದು ದಿನವಾದರೂ ಕಾಂಬೋಡಿಯಾ ನಮ್ಮದು ಅಂದಿದ್ದೆನಾ? ವೈಭವಕ್ಕೆ ಪಾಲು ಕೇಳೋಳು ಸಂಕಟಕ್ಕೂ ಪಾಲು ಕೇಳಬೇಕಿತ್ತು.

ಮಗಳು: ಹಾಗೆ ಬಂದವರೂ ಇದ್ದಾರೆ. 1986ರಿಂದ 1993ರವರೆಗೆ ನಮ್ಮ ಭಾರತೀಯ ಪುರಾತತ್ತ್ವ ಇಲಾಖೆಯವರು ಅಂಕೋರ್ ವಾಟ್‌ನಲ್ಲಿ ಕೆಲಸ ಮಾಡಿದರು. ಇಲ್ಲಿ ಆಗ ಇನ್ನೂ ಯುದ್ಧ ಮುಗಿದಿರಲಿಲ್ಲ. ಕಲ್ಲು ತೊಳೆದ ರೀತಿಗೆ ಆಮೇಲೆ ಟೀಕೆ ಬಂದದ್ದೂ ನಿಜ. ಆದರೆ ಕಷ್ಟದ ಹೊತ್ತಿನಲ್ಲಿ ಬಂದು ನಿಂತದ್ದೂ ನಿಜ. ತಾ ಪ್ರೋಮ್‌ನಲ್ಲೂ ಅವರು ಇಲ್ಲಿನವರ ಜೊತೆ ಕೆಲಸ ಮಾಡಿದ್ದಾರೆ.

ಅಮ್ಮ: ಅದು ನೆಂಟಸ್ತಿಕೆ. ಗೋಡೆ ಬೀಳುವಾಗ ಹೆಗಲು ಕೊಡೋದು. ಹೆಪ್ಪು ಕೊಟ್ಟ ಮನೆಯವರು ಮಾಡಬೇಕಾದ್ದು ಅಷ್ಟೇ. ಮೊಸರಿನ ಮೇಲೆ ಹಕ್ಕು ಕೇಳೋದಲ್ಲ.

ಮಗಳು: ಒಂದು ಕೇಳಲಾ? ಆ ತಾವರೆಯ ಅಜ್ಜಿ ನಾಳೆ ಬೇಲೂರಿಗೆ ಬಂದು, ಚೆನ್ನಕೇಶವನ ಮುಂದೆ ನಿಂತು "ತಾ ರಿಯಚ್" ಅಂತ ಕೈಮುಗಿದರೆ ಏನು ಮಾಡ್ತೀಯೆ?

ಅಮ್ಮ: ಸರಿದು ಜಾಗ ಬಿಡ್ತೀನಿ. ಆರತಿ ತಟ್ಟೆ ಮೊದಲು ಅವಳ ಮುಂದೆ ಹಿಡೀರಿ ಅಂತ ಅರ್ಚಕರಿಗೆ ಹೇಳ್ತೀನಿ. ಆಮೇಲೆ ಹಳೇಬೀಡಿಗೆ ಕರ್ಕೊಂಡು ಹೋಗಿ ಆ ಆನೆಗಳ ಸಾಲಿನ ಮುಂದೆ ನಿಲ್ಲಿಸ್ತೀನಿ. ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಲಿ. ಎಳ್ಕೊಂಡು ಮಾತ್ರ ಹೋಗೋದಿಲ್ಲ.

ಮಗಳು: ನಮ್ಮದು ಮೂರು ದಿನದ ಟಿಕೆಟ್ ಅಮ್ಮ. ಇನ್ನೂ ಎರಡು ದಿನ ಇದೆ. ನಾಳೆಗೆ ಬಾಂತೆಯ್ ಸ್ರೇ ದೇಗುಲ ಅಂದುಕೊಂಡಿದ್ದೆ.

ಅಮ್ಮ: ಟುಕ್‌ಟುಕ್‌ನವನಿಗೆ ಎಷ್ಟು ಗಂಟೆಗೆ ಬಾ ಅಂದಿದ್ದೀಯೆ?

ಮಗಳು: ಐದಕ್ಕೆ.

ಅಮ್ಮ: ಏಳಕ್ಕೆ ಬರೋಕೆ ಹೇಳು. ಬೆಳಿಗ್ಗೆ ಆ ಅಜ್ಜಿ ಬಂದದ್ದು ಏಳೂವರೆಗೆ. ಮೊದಲು ಆ ಮೂರ್ತಿಯ ಹತ್ತಿರ ಹೋಗೋಣ. ದಾರಿಯಲ್ಲಿ ಒಂದು ತಾವರೆ ಮೊಗ್ಗು ತಗೋಬೇಕು.